‘ಲೋಕಶಾಹಿ’ಯ ಲ ಮತ್ತು ಶ: ಮರಾಠಿ ಪತ್ರಿಕೆ ಮುಕ್ತ ಫಾಂಟ್‌ಗೆ ಬದಲಾಗಬಹುದಾ?

ಪ್ರಶ್ನೆ: ನಿಪ್ಪಾಣಿ ಕಡೆ ನಮ್ಮದೊಂದು ಮರಾಠಿ ವಾರಪತ್ರಿಕೆ ಇದೆ. ಪುಟ ಕಟ್ಟುವ ಕೆಲಸ ನನ್ನದು. 20 ವರ್ಷದಿಂದ ಹಳೇ ಡಿಟಿಪಿ (ಕಂಪ್ಯೂಟರ್‌ನಲ್ಲಿ ಪುಟ ಕಟ್ಟುವ) ಫಾಂಟ್‌ಗಳಲ್ಲೇ ನಡೆದಿದೆ. ಈಗ ಮಾಲೀಕರು ‘ಯೂನಿಕೋಡ್ ಫಾಂಟ್ ಫ್ರೀ ಸಿಗುತ್ತಂತೆ, ಅದಕ್ಕೇ ಬದಲಿಸಿ’ ಅನ್ನುತ್ತಿದ್ದಾರೆ. ಒಂದು ಪುಟ ಮಾಡಿ ನೋಡಿದೆ. ಅಕ್ಷರ ಹಿಂದಿ ಪೇಪರಿನ ಹಾಗೆ ಬಂತು. ನ್ಯೂಸ್‌ಪ್ರಿಂಟ್ ಮೇಲೆ ಮಸಿ ತುಂಬಿಕೊಂಡಿತು. ನಮ್ಮ ಹಿರಿಯ ಓದುಗರಿಗೆ ಹಿಡಿಸಲಿಲ್ಲ. ಈ ಬದಲಾವಣೆ ನಿಜಕ್ಕೂ ಬೇಕಾ? ಹಳೆಯ ಸಂಚಿಕೆಗಳ ಗತಿ ಏನು?

ಉತ್ತರ:

ನಿಮ್ಮ ಹಿರಿಯ ಓದುಗರ ಕಣ್ಣು ಸರಿಯಾಗೇ ನೋಡಿದೆ. ಅವರ ಮಾತನ್ನು ಹಳೇ ಕಾಲದವರ ಹಠ ಅಂತ ಬದಿಗಿಡಬೇಡಿ. ಮೊದಲು ಅದನ್ನೇ ಬಿಡಿಸೋಣ.

‘ಲೋಕಶಾಹಿ’ ಅಂತ ಒಂದು ಪದ ಟೈಪ್ ಮಾಡಿ. ಪ್ರಜಾಪ್ರಭುತ್ವಕ್ಕೆ ಮರಾಠಿಯಲ್ಲಿ ಇರುವ ಪದ, ಪತ್ರಿಕೆಯಲ್ಲಿ ದಿನಾ ಬರುತ್ತದೆ. ಅದರಲ್ಲಿ ಲ ಇದೆ, ಶ ಇದೆ. ಮರಾಠಿ, ಹಿಂದಿ ಎರಡಕ್ಕೂ ಇರುವ ಲಿಪಿ ನಾಗರಿ, ಅಂದರೆ ದೇವನಾಗರಿ. ಅದರಲ್ಲಿ ಈ ಎರಡು ಅಕ್ಷರಗಳನ್ನು ಮರಾಠಿಯವರು ಬರೆಯುವ ರೀತಿ ಬೇರೆ, ಹಿಂದಿಯವರು ಬರೆಯುವ ರೀತಿ ಬೇರೆ. ಮರಾಠಿಯ ಲ ನೋಡಿ: ನಡುವೆ ಒಂದು ಗಿಡ್ಡ ಕಾಂಡ, ಅದರ ಎರಡೂ ಬದಿಗೆ ಎರಡು ಎಸಳು. ಹಿಂದಿಯ ಲ‌ದಲ್ಲಿ ಬಲಗಡೆ ಉದ್ದಕ್ಕೆ ಒಂದು ಕಂಬ ನಿಂತಿರುತ್ತದೆ, ಸುರುಳಿ ಅದರ ಎಡಕ್ಕೆ ಅಂಟಿಕೊಂಡಿರುತ್ತದೆ. ಶ‌ದ ಎಡಭಾಗದ ಸುರುಳಿಯೂ ಹಾಗೇ, ಎರಡು ಕಡೆ ಎರಡು ಥರ. ಶಾಲೆಯಲ್ಲಿ ಮರಾಠಿ ತಿದ್ದಿದ ಕೈಗೆ ಮತ್ತೊಂದು ರೂಪ ಪರಕೀಯ ಅನಿಸುವುದು ಸಹಜ. 2009ರಲ್ಲಿ ಮಹಾರಾಷ್ಟ್ರ ಸರ್ಕಾರ ಮರಾಠಿ ವರ್ಣಮಾಲೆಯ ಬಗ್ಗೆ ಆದೇಶ ಹೊರಡಿಸಿದಾಗ, ಈ ಎರಡು ಅಕ್ಷರಗಳ ರೂಪವನ್ನೂ ಅದರಲ್ಲಿ ಸೇರಿಸಿತು. ಅಂದರೆ ಇದು ಬರೀ ಅಭಿರುಚಿಯ ವಿಷಯ ಅಲ್ಲ.

ಹಾಗಾದರೆ ನಿಮ್ಮ ಪುಟದಲ್ಲಿ ಹಿಂದಿ ರೂಪ ಯಾಕೆ ಬಂತು? ಯೂನಿಕೋಡ್ ಅಂದರೆ ಕಂಪ್ಯೂಟರ್‌ನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಪದ್ಧತಿ. ಅದರಲ್ಲಿ ಲ ಅಕ್ಷರಕ್ಕೆ ಇರುವುದು ಒಂದೇ ಸಂಖ್ಯೆ. ಮರಾಠಿಗೆ ಒಂದು, ಹಿಂದಿಗೆ ಒಂದು ಅಂತಿಲ್ಲ. ಯಾವ ರೂಪ ತೋರಿಸಬೇಕು ಅನ್ನುವುದನ್ನು ಫಾಂಟ್ ನಿರ್ಧರಿಸುತ್ತದೆ. ಒಳ್ಳೆಯ ಫಾಂಟ್‌ನಲ್ಲಿ ಎರಡೂ ರೂಪ ಇರುತ್ತವೆ. ಬರಹದ ಭಾಷೆ ‘ಮರಾಠಿ’ ಅಂತ ಗುರುತು ಹಾಕಿದ್ದರೆ ಎಸಳಿನ ಲ ಬರುತ್ತದೆ, ಇಲ್ಲವಾದರೆ ಕಂಬದ ಲ ಬರುತ್ತದೆ. ನೀವು ಪುಟ ಕಟ್ಟುವ ತಂತ್ರಾಂಶದಲ್ಲಿ ಭಾಷೆ ಇಂಗ್ಲಿಷ್ ಅಂತಲೋ ಹಿಂದಿ ಅಂತಲೋ ಉಳಿದಿರಬೇಕು. ಪ್ಯಾರಾಗ್ರಾಫ್ ಸ್ಟೈಲ್‌ನಲ್ಲಿ ಒಮ್ಮೆ ಮರಾಠಿ ಅಂತ ಹಾಕಿ ಉಳಿಸಿಬಿಡಿ, ಮತ್ತೆ ತಲೆನೋವಿಲ್ಲ. ವೆಬ್‌ಸೈಟ್ ಇದ್ದರೆ ಅದರ ಕೋಡ್‌ನಲ್ಲೂ ಪುಟದ ಭಾಷೆ ಮರಾಠಿ ಅಂತ ಹೇಳಬೇಕು. ಇಷ್ಟು ಮಾಡಿದ ಮೇಲೂ ಲ ಬದಲಾಗದಿದ್ದರೆ ಆ ಫಾಂಟ್‌ನಲ್ಲಿ ಮರಾಠಿ ರೂಪವೇ ಇಲ್ಲ ಅಂತ ಅರ್ಥ. ಅದನ್ನು ಬಿಟ್ಟು ಬೇರೆಯದು ನೋಡಿ.

ಎರಡು ನಿಮಿಷದ ಕೆಲಸ ಇದು. ಆದರೆ ಈ ಎರಡು ನಿಮಿಷ ಯಾರೂ ಕೊಡದೇ ಇದ್ದದ್ದರಿಂದ ಎಷ್ಟೋ ಮರಾಠಿ ಪುಟಗಳು ಹಿಂದಿ ವೇಷದಲ್ಲಿ ಓಡಾಡುತ್ತಿವೆ. ನನಗೆ ಇದು ತುಂಬಾ ನೋವಿನ ವಿಷಯ, ಯಾಕೆಂದರೆ ಮರಾಠಿ ಅಚ್ಚಿನ ಅಕ್ಷರಕ್ಕೆ ದೊಡ್ಡ ಮನೆತನವೇ ಇದೆ.

ಬಾಳಶಾಸ್ತ್ರಿ ಜಾಂಭೇಕರ್ ಮುಂಬೈಯಲ್ಲಿ ‘ದರ್ಪಣ’ ಶುರು ಮಾಡಿದ್ದು 1832ರ ಜನವರಿ 6ರಂದು. ಒಂದು ಕಾಲಂ ಇಂಗ್ಲಿಷ್, ಪಕ್ಕದ ಕಾಲಂ ಮರಾಠಿ. ಮಹಾರಾಷ್ಟ್ರದಲ್ಲಿ ಈಗಲೂ ಆ ದಿನವನ್ನು ಪತ್ರಕರ್ತರ ದಿನ ಅಂತ ಆಚರಿಸುತ್ತಾರೆ. ಆಗಿನ್ನೂ ದಫ್ತರದ ಕೈಬರಹ ಎಲ್ಲ ಮೋಡಿ ಲಿಪಿಯಲ್ಲಿತ್ತು. ಅಚ್ಚಿಗೆ ಮಾತ್ರ ಬಾಳಬೋಧ, ಅಂದರೆ ನಾಗರಿ, ಗಟ್ಟಿಯಾಯಿತು. ಅಮೆರಿಕನ್ ಮಿಷನ್ ಪ್ರೆಸ್‌ನಲ್ಲಿ ಥಾಮಸ್ ಗ್ರಹಾಂ ನಾಗರಿ ಮೊಳೆ, ಅಂದರೆ ಅಚ್ಚಿನ ಲೋಹದ ಅಕ್ಷರ, ಕೊರೆದರು. ಅದೇ ಪ್ರೆಸ್‌ನಲ್ಲಿ ಕೆಲಸ ಕಲಿತ ಹುಡುಗ ಜಾವಜಿ ದಾದಾಜಿ ಮುಂದೆ ಸ್ವಂತ ಮೊಳೆ ಎರಕ ಶುರು ಮಾಡಿ, 1869ರಲ್ಲಿ ನಿರ್ಣಯಸಾಗರ ಪ್ರೆಸ್ ಕಟ್ಟಿದರು. ಅವರ ಜೊತೆಗಿದ್ದ ಮೊಳೆ ಕೊರೆಯುವವರು ರಾಣೋಜಿ ರಾವಜಿ ಆರು. ನಮ್ಮ ಕಡೆ ಸಂಸ್ಕೃತ ಪಂಡಿತರ ಮನೆಯ ಅಟ್ಟದಲ್ಲಿ ಹುಡುಕಿದರೆ ಇವತ್ತಿಗೂ ಒಂದು ನಿರ್ಣಯಸಾಗರದ ಪುಸ್ತಕ ಸಿಗುತ್ತದೆ. ಸಿಕ್ಕರೆ ಒಂದು ಪುಟ ಬಿಸಿಲಿಗೆ ಹಿಡಿದು ನೋಡಿ. ಒತ್ತಕ್ಷರ ಎಷ್ಟೇ ಸಣ್ಣದಿರಲಿ, ಅದರ ಹೊಟ್ಟೆಯೊಳಗಿನ ಬಿಳಿ ಜಾಗ ತುಂಬಿಕೊಂಡಿಲ್ಲ. ಆ ಬಿಳಿಯನ್ನು ಉಳಿಸುವುದೇ ಮೊಳೆ ಕೊರೆಯುವವನ ಕಸುಬು. ಈ ಮಾತಿಗೆ ಮತ್ತೆ ಬರುತ್ತೇನೆ.

ಪತ್ರಿಕೆಗೆ ಬೇರೆಯೇ ಕಷ್ಟ ಇತ್ತು. ಪುಸ್ತಕಕ್ಕೆ ತಿಂಗಳು ತೆಗೆದುಕೊಳ್ಳಬಹುದು, ಪತ್ರಿಕೆಗೆ ಆಗಲ್ಲ. ನಾಗರಿಯ ಕೇಸಿನಲ್ಲಿ, ಅಂದರೆ ಮೊಳೆ ಇಡುವ ಪೆಟ್ಟಿಗೆಯಲ್ಲಿ, ನೂರಾರು ಮೊಳೆ. ಅಕ್ಷರ, ಅರ್ಧಾಕ್ಷರ, ಒತ್ತು, ಮೇಲೆ ಮಾತ್ರೆ, ಕೆಳಗೆ ಉಕಾರ. ಮೊಳೆ ಜೋಡಿಸುವ ಕಂಪೋಸಿಟರ್ ಒಂದೊಂದು ಸಾಲಿಗೂ ಎರಡು ಹೆಜ್ಜೆ ಆಚೆ ಈಚೆ ನಡೆಯಬೇಕು. 1881ರಲ್ಲಿ ಪುಣೆಯಲ್ಲಿ ಶುರುವಾದ ‘ಕೇಸರಿ’ಗೆ ಮೊಳೆಗಳ ಸಂಖ್ಯೆ ಇಳಿಸಬೇಕು ಅಂತ ಸ್ವತಃ ಬಾಲಗಂಗಾಧರ ತಿಲಕರೇ ಕೂತು ಲೆಕ್ಕ ಹಾಕಿದ್ದರು. ಆಮೇಲೆ ಸಾವರ್ಕರ್ ಇನ್ನೂ ಮುಂದೆ ಹೋಗಿ, ಇ, ಈ, ಉ ಇವಕ್ಕೆ ಬೇರೆ ಅಕ್ಷರವೇ ಬೇಡ, ಅ ಅಕ್ಷರಕ್ಕೇ ಗುಣಿತದ ಗುರುತು ಹಚ್ಚಿದರೆ ಸಾಕು ಅಂದರು. ಕೆಲವು ಮರಾಠಿ ಪ್ರಕಟಣೆಗಳು ಹಾಗೆ ಅಚ್ಚು ಹಾಕಿದವು ಕೂಡ. 1953ರಲ್ಲಿ ಲಖನೌದಲ್ಲಿ ನಡೆದ ಲಿಪಿ ಸುಧಾರಣೆಯ ಸಭೆ, ಎಡಕ್ಕೆ ಬರುವ ಹ್ರಸ್ವ ಇಕಾರವನ್ನು ಬಲಕ್ಕೆ ತರಬೇಕು ಅಂತ ಹೇಳಿತು. ಅದು ನಿಲ್ಲಲಿಲ್ಲ.

ಇವರ್ಯಾರೂ ಲಿಪಿಯ ಮೇಲೆ ಪ್ರೀತಿ ಇಲ್ಲದವರಲ್ಲ. ಯಂತ್ರ ಬಗ್ಗುತ್ತಿರಲಿಲ್ಲ, ಅದಕ್ಕೆ ಲಿಪಿಯನ್ನು ಬಗ್ಗಿಸಲು ನೋಡಿದರು. ಕಬ್ಬಿಣದ ಯಂತ್ರ, ಟೈಪ್‌ರೈಟರ್, ಕೊನೆಗೆ ಮೊದಮೊದಲಿನ ಕಂಪ್ಯೂಟರ್, ಎಲ್ಲವೂ ನಾಗರಿಗೆ ‘ನಿನ್ನ ಅಕ್ಷರ ಜಾಸ್ತಿ ಆಯಿತು, ಕಡಿಮೆ ಮಾಡಿಕೋ’ ಅಂತಲೇ ಹೇಳಿದವು. ಆ ಒತ್ತಡ ಈಗ ಹೋಗಿದೆ. ಇವತ್ತು ಒಂದು ಫಾಂಟ್‌ನಲ್ಲಿ ಸಾವಿರ ಅಕ್ಷರರೂಪ ಇಟ್ಟರೂ ಯಾರ ಕಾಲೂ ನೋಯುವುದಿಲ್ಲ. ನನ್ನ ಮಟ್ಟಿಗೆ ಈ ಬದಲಾವಣೆಯ ದೊಡ್ಡ ಲಾಭ ದುಡ್ಡು ಉಳಿಯುವುದಲ್ಲ. ಮರಾಠಿ ಪತ್ರಿಕೆ ಮರಾಠಿಯ ಹಾಗೇ ಕಾಣಬಹುದು ಅನ್ನುವುದು.

ಈಗ ನಿಮ್ಮ ಹಳೇ ಫಾಂಟ್‌ಗಳ ಮಾತಿಗೆ ಬರೋಣ. ಪುಣೆಯ ಸರ್ಕಾರಿ ಕಂಪ್ಯೂಟರ್ ಸಂಸ್ಥೆ ಸಿ-ಡ್ಯಾಕ್‌ನ ಯೋಗೇಶ್, ಸುರೇಖ್, ಅದೇ ಊರಿನ ಮಾಡ್ಯುಲರ್ ಇನ್ಫೋಟೆಕ್‌ನ ಶ್ರೀಲಿಪಿ, ಮನೆಮನೆಗೆ ಹಬ್ಬಿದ ಶಿವಾಜಿ, ಕಿರಣ್. ಈ ಹೆಸರು ಕೇಳದ ಡಿಟಿಪಿಯವರು ಆ ಕಡೆ ಇಲ್ಲ. ಶ್ರೀಲಿಪಿಯನ್ನಂತೂ ನಮ್ಮ ಕನ್ನಡದ ಡಿಟಿಪಿಯವರೂ ವರ್ಷಗಟ್ಟಲೆ ಬಳಸಿದ್ದಾರೆ. ಇವುಗಳನ್ನು ಹಳಿಯಲು ನನಗೆ ಮನಸ್ಸಿಲ್ಲ. ಬೇರೆ ದಾರಿ ಇಲ್ಲದ ಕಾಲದಲ್ಲಿ ಮರಾಠಿ ಪತ್ರಿಕೆಗಳನ್ನು ದಿನಾ ಹೊರಗೆ ತಂದದ್ದು ಇವೇ.

ಆದರೆ ಒಳಗೆ ನಡೆಯುತ್ತಿದ್ದದ್ದು ಏನು ಅಂತ ಗೊತ್ತಿರಬೇಕು. ಕಂಪ್ಯೂಟರ್ ಪಾಲಿಗೆ ಅದು ಇಂಗ್ಲಿಷ್ ಅಕ್ಷರವೇ. ಇಂಗ್ಲಿಷ್ ಅಕ್ಷರ ಕೂರುವ ಜಾಗದಲ್ಲಿ ನಾಗರಿಯ ಚಿತ್ರ ಕೂರಿಸಿದ್ದರು, ಅಷ್ಟೇ. ಒಂದು ಕಂಪನಿ ಕ‌ವನ್ನು ಒಂದು ಕಡೆ ಕೂರಿಸಿತು, ಇನ್ನೊಂದು ಕಂಪನಿ ಇನ್ನೊಂದು ಕಡೆ. ಒಂದು ಫಾಂಟ್‌ನಲ್ಲಿ ಬರೆದದ್ದನ್ನು ಇನ್ನೊಂದಕ್ಕೆ ಬದಲಿಸಿದರೆ ಪುಟವಿಡೀ ಗೋಜಲು. ಹುಡುಕಿದರೆ ಸಿಗಲ್ಲ. ಮೊಬೈಲ್‌ಗೆ ಕಳಿಸಿದರೆ ಓದಲಾಗಲ್ಲ. ಮೊದಲು ಪತ್ರಿಕೆಗಳ ವೆಬ್‌ಸೈಟ್ ತೆರೆದರೆ ‘ಈ ಫಾಂಟ್ ಇಳಿಸಿಕೊಳ್ಳಿ’ ಅಂತ ಬರುತ್ತಿತ್ತು, ನೆನಪಿದೆ ಅಲ್ವಾ? ನಮ್ಮ ನುಡಿ, ಬರಹ, ಆಕೃತಿ ಫಾಂಟ್‌ಗಳ ಕತೆಯೂ ಇದೇ.

ಸರಿಯಾದ ದಾರಿ ಕಣ್ಣೆದುರೇ ಇತ್ತು. 1991ರಲ್ಲಿ ಭಾರತೀಯ ಲಿಪಿಗಳ ಅಕ್ಷರಕ್ಕೆ ಸಂಖ್ಯೆ ಕೊಡುವ, ಭಾರತದ್ದೇ ಇಸ್ಕಿ ಮಾನದಂಡ ಬಂತು. ಅದೇ ವರ್ಷ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ನಾಗರಿಗೆ ಜಾಗ ಸಿಕ್ಕಿತು. ಆದರೆ ಅಕ್ಷರಗಳನ್ನು ಜೋಡಿಸಿ ತೋರಿಸುವ ಫಾಂಟ್ ಮತ್ತು ತಂತ್ರಾಂಶ ಜನರ ಕೈಗೆ ಬಂದದ್ದು ವಿಂಡೋಸ್ 2000ದ ಹೊತ್ತಿಗೆ, ‘ಮಂಗಲ್’ ಫಾಂಟ್ ಜೊತೆ. ಅದನ್ನು ರೂಪಿಸಿದವರು ರಘುನಾಥ ಕೃಷ್ಣ ಜೋಶಿ. 1936ರಲ್ಲಿ ಹುಟ್ಟಿದ ಮರಾಠಿ ಕವಿ, ಅಕ್ಷರ ಕಲಾವಿದ, ಮುಂಬೈ ಐಐಟಿಯಲ್ಲಿ ಪಾಠ ಹೇಳಿದವರು. ಕನ್ನಡಿಗರು ಇವರನ್ನು ಇನ್ನೊಂದು ಕಾರಣಕ್ಕೂ ನೆನೆಯಬೇಕು. ವಿಂಡೋಸ್‌ನಲ್ಲಿ ನಾವು ವರ್ಷಗಟ್ಟಲೆ ಕನ್ನಡ ಓದಿದ ‘ತುಂಗಾ’ ಫಾಂಟ್ ಕೂಡ ಇವರ ನಿರ್ದೇಶನದಲ್ಲೇ ಆದದ್ದು. ವಿನಯ್ ಸಾಯನೇಕರ್ ಅವರ ಜೊತೆಗಿದ್ದರು. ಜೋಶಿಯವರು 2008ರಲ್ಲಿ ತೀರಿಕೊಂಡರು.

ಆದರೂ ಪತ್ರಿಕಾ ಕಚೇರಿಗಳು ಮತ್ತೆ ಹತ್ತು ಹನ್ನೆರಡು ವರ್ಷ ಹಳೇ ಫಾಂಟ್‌ನಲ್ಲೇ ಉಳಿದವು. ಅದು ಸೋಮಾರಿತನ ಅಲ್ಲ. ಪುಟ ಕಟ್ಟುವ ಪೇಜ್‌ಮೇಕರ್, ಹಳೆಯ ಕ್ವಾರ್ಕ್ ಇವಕ್ಕೆ ಭಾರತೀಯ ಲಿಪಿ ಜೋಡಿಸಲು ಬರುತ್ತಿರಲಿಲ್ಲ. ಯೂನಿಕೋಡ್ ಮರಾಠಿ ಹಾಕಿದರೆ ಇಕಾರ ಎಲ್ಲೋ, ಒತ್ತು ಎಲ್ಲೋ ಚೆಲ್ಲಿಹೋಗುತ್ತಿತ್ತು. ಪುಟ ಕಟ್ಟುವ ಇನ್ನೊಂದು ತಂತ್ರಾಂಶ ಇನ್‌ಡಿಸೈನ್‌ನ 2012ರ ಸಿಎಸ್6 ಆವೃತ್ತಿಯಿಂದ ಇದು ಸರಿಹೋಯಿತು. ಅದರಲ್ಲಿ ‘ವರ್ಲ್ಡ್-ರೆಡಿ ಕಂಪೋಸರ್’ ಅಂತ ಒಂದು ಆಯ್ಕೆ ಇದೆ, ಅದನ್ನು ಆರಿಸಿಕೊಳ್ಳಬೇಕು. ಉಚಿತ ತಂತ್ರಾಂಶ ಬೇಕಾದರೆ ಸ್ಕ್ರೈಬಸ್‌ನ 1.5 ಸರಣಿಯೂ ನಾಗರಿಯನ್ನು ಸರಿಯಾಗಿ ಜೋಡಿಸುತ್ತದೆ. ನಿಮ್ಮಲ್ಲಿ ಅದಕ್ಕಿಂತ ಹಳೆಯದು ಇದ್ದರೆ ಮೊದಲು ಅದನ್ನು ಬದಲಿಸಿ, ಆಮೇಲೆ ಫಾಂಟ್.

ಮಾಲೀಕರು ‘ಫ್ರೀ ಯೂನಿಕೋಡ್ ಫಾಂಟ್’ ಅಂದರಲ್ಲ, ಅದರಲ್ಲಿ ಎರಡು ಬೇರೆ ಬೇರೆ ವಿಷಯ ಸೇರಿಕೊಂಡಿವೆ. ಯೂನಿಕೋಡ್ ಅನ್ನುವುದು ಅಕ್ಷರಕ್ಕೆ ಸಂಖ್ಯೆ ಕೊಡುವ ಪದ್ಧತಿ. ದುಡ್ಡು ಕೊಟ್ಟು ತರುವ ಫಾಂಟ್ ಕೂಡ ಯೂನಿಕೋಡ್ ಆಗಿರಬಹುದು. ಮುಕ್ತ ಅನ್ನುವುದು ಪರವಾನಗಿಯ ಮಾತು. ನಾಗರಿಯ ಬಹುತೇಕ ಮುಕ್ತ ಫಾಂಟ್‌ಗಳು ಎಸ್‌ಐಎಲ್ ಸಂಸ್ಥೆ ರೂಪಿಸಿದ ಓಪನ್ ಫಾಂಟ್ ಲೈಸೆನ್ಸ್ ಅಡಿ ಬರುತ್ತವೆ. ಎಷ್ಟು ಕಂಪ್ಯೂಟರ್‌ನಲ್ಲಿ ಬೇಕಾದರೂ ಹಾಕಿ, ಅಚ್ಚು ಹಾಕಿ ಮಾರಿ, ವೆಬ್‌ಸೈಟ್‌ಗೆ ಹಾಕಿ, ಯಾರನ್ನೂ ಕೇಳಬೇಕಿಲ್ಲ. ತಿದ್ದಲೂ ಬಹುದು. ತಿದ್ದಿದ್ದನ್ನು ಹಂಚಿದರೆ ಅದೇ ಪರವಾನಗಿಯಲ್ಲಿ ಹಂಚಬೇಕು. ಮೂಲದವರು ಹೆಸರು ಕಾಯ್ದಿರಿಸಿದ್ದರೆ ಹೊಸ ಹೆಸರು ಇಡಬೇಕು. ಫಾಂಟ್ ಒಂದನ್ನೇ ಸರಕು ಮಾಡಿ ಮಾರುವ ಹಾಗಿಲ್ಲ. ‘ಫ್ರೀ’ ಅಂತ ಬೋರ್ಡ್ ಹಾಕಿರುವ ಎಲ್ಲ ಫಾಂಟ್‌ಗೂ ಈ ಸ್ವಾತಂತ್ರ್ಯ ಇರಲ್ಲ. ‘ಸ್ವಂತ ಬಳಕೆಗೆ ಮಾತ್ರ’ ಅಂತ ಸಣ್ಣಕ್ಷರದಲ್ಲಿ ಬರೆದಿದ್ದರೆ ಪತ್ರಿಕೆಗೆ ಅದು ಬೇಡ.

ತಿದ್ದಬಹುದು ಅನ್ನುವ ಮಾತು ಪತ್ರಿಕೆಗೆ ಎಷ್ಟು ದೊಡ್ಡದು ಅನ್ನುವುದಕ್ಕೆ ಮರಾಠಿಯದೇ ಉದಾಹರಣೆ ಇದೆ. ಮಹಾರಾಷ್ಟ್ರದ ರಾಜ್ಯ ಮರಾಠಿ ವಿಕಾಸ ಸಂಸ್ಥೆ 2012ರಲ್ಲಿ ‘ಯಶೋಮುದ್ರಾ’ ಫಾಂಟನ್ನು ಮುಕ್ತವಾಗಿ ಬಿಟ್ಟಿತು. ಸರ್ಕಾರದ ದುಡ್ಡಲ್ಲಿ ಆದ ಅಕ್ಷರ ಜನರಿಗೇ ಸಿಕ್ಕಿತು. ಮುಂದೆ ಮುಂಬೈ ಐಐಟಿಯವರು ಅದನ್ನೇ ತಳಪಾಯ ಮಾಡಿಕೊಂಡು, ಸಂಸ್ಕೃತ ಗ್ರಂಥಗಳಿಗೆ ಬೇಕಾದ ಒತ್ತಕ್ಷರಗಳನ್ನೆಲ್ಲ ಸೇರಿಸಿ ‘ಶೋಭಿಕಾ’ ಅನ್ನುವ ಫಾಂಟ್ ಮಾಡಿದರು. ಒಬ್ಬರು ಬಿತ್ತಿದ್ದು ಇನ್ನೊಬ್ಬರ ಹೊಲದಲ್ಲೂ ಬೆಳೆಯಿತು. ಬೀಗ ಹಾಕಿದ ಫಾಂಟ್‌ನಲ್ಲಿ ಇದು ಆಗುವ ಮಾತಲ್ಲ.

ಇನ್ನು ಹಿಂದಿಯಲ್ಲಿ ಇಲ್ಲದ, ಮರಾಠಿಯಲ್ಲಿ ಇರುವ ಒಂದು ಸೂಕ್ಷ್ಮ. ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಯಾವ ಫಾಂಟ್ ತಂದರೂ ಮೊದಲು ಪರೀಕ್ಷಿಸಬೇಕಾದದ್ದು ಇದನ್ನೇ.

ನಮಗೆ ಅರ್ಕಾವೊತ್ತು ಗೊತ್ತಲ್ಲ. ‘ಸೂರ್ಯ’ ಅಂತ ಅರ್ಕಾವೊತ್ತು ಹಾಕಿ ಬರೆಯಬಹುದು, ‘ಸೂರ‍್ಯ’ ಅಂತ ರ‌ಕ್ಕೆ ಯ ಒತ್ತು ಕೊಟ್ಟೂ ಬರೆಯಬಹುದು. ಕನ್ನಡದಲ್ಲಿ ಎರಡಕ್ಕೂ ಒಂದೇ ಅರ್ಥ. ಮರಾಠಿಯಲ್ಲಿ ಹಾಗಲ್ಲ. ಅಲ್ಲಿ ಅಕ್ಷರದ ತಲೆ ಮೇಲೆ ಕೊಂಡಿಯ ಹಾಗೆ ಕೂರುವ ರ ಒಂದು. ಅಕ್ಷರದ ಪಕ್ಕ ಕಣ್ಣಿನ ರೆಪ್ಪೆಯ ಹಾಗೆ ಬಾಗಿದ ಸಣ್ಣ ಗೀಟಾಗಿ ಬರುವ ರ ಇನ್ನೊಂದು. ಕೊಂಡಿ ಹಾಕಿದರೆ ‘ದರ್ಯಾ’, ಅಂದರೆ ಸಮುದ್ರ. ರೆಪ್ಪೆ ಹಾಕಿದರೆ ‘ದರ‍್ಯಾ’, ಅಂದರೆ ಕಣಿವೆಗಳು. ಉಚ್ಚಾರವೂ ಬೇರೆ. ಮೊದಲನೆಯದರಲ್ಲಿ ದ ಮೇಲೆ ಒತ್ತು ಬೀಳುತ್ತದೆ, ಎರಡನೆಯದರಲ್ಲಿ ರ ಹಗುರವಾಗಿ ಜಾರುತ್ತದೆ.

ಒಂದು ಪತ್ರಿಕೆಯ ಹಳೆಯ ಲೇಖನಗಳನ್ನು ಯೂನಿಕೋಡ್‌ಗೆ ತರುವ ಕೆಲಸದಲ್ಲಿ ನಾನಿದ್ದೆ. ಮದುವೆ ಅಡುಗೆಯವರ ಬಗ್ಗೆ ಒಂದು ಲೇಖನ ಇತ್ತು. ಮರಾಠಿಯಲ್ಲಿ ಅಡುಗೆಯವರಿಗೆ ‘ಆಚಾರಿ’ ಅನ್ನುತ್ತಾರೆ. ಅದಕ್ಕೆ ವಿಭಕ್ತಿ ಸೇರಿದಾಗ ರೆಪ್ಪೆಯ ರ ಬರುತ್ತದೆ. ಪರಿವರ್ತಕ ತಂತ್ರಾಂಶ ರೆಪ್ಪೆಯ ರ‌ವನ್ನೆಲ್ಲ ಕೊಂಡಿ ಮಾಡಿಬಿಟ್ಟಿತ್ತು. ಅಡುಗೆಯವರಿಗೆ ಅಂತ ಇದ್ದ ಕಡೆಯೆಲ್ಲ ‘ಆಚಾರ್ಯರಿಗೆ’ ಆಗಿ ಕೂತಿತ್ತು. ಕರಡು ತಿದ್ದುವ ಹಿರಿಯರೊಬ್ಬರು ಹಿಡಿಯದಿದ್ದರೆ ಹಾಗೇ ಹೋಗುತ್ತಿತ್ತು. ಅವತ್ತಿನಿಂದ ನಾನು ಪ್ರತಿ ಫಾಂಟ್‌ನಲ್ಲೂ ಮೊದಲು ಬರೆದು ನೋಡುವುದು ಈ ಎರಡು ಪದಗಳನ್ನೇ.

ಇದರಲ್ಲಿ ಇನ್ನೊಂದು ತೊಡಕಿದೆ. ಯೂನಿಕೋಡ್‌ನಲ್ಲಿ ರೆಪ್ಪೆಯ ರ ಬರೆಯಲು ಎರಡು ದಾರಿ. ಕೆಳಗೆ ಚುಕ್ಕಿ ಇರುವ ಬೇರೆಯೇ ಒಂದು ರ ಇದೆ, ಅದಕ್ಕೆ ಹಲಂತ (ಅಕ್ಷರದ ಸ್ವರ ತೆಗೆಯುವ ಗುರುತು) ಹಾಕುವುದು ಒಂದು. ಮಾಮೂಲಿ ರ‌ಕ್ಕೆ ಹಲಂತ ಹಾಕಿ, ಕಣ್ಣಿಗೆ ಕಾಣದ ಜೋಡಕ ಸೇರಿಸುವುದು ಇನ್ನೊಂದು. ಪುಟದ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಆದರೆ ಹುಡುಕುವಾಗ ಕಂಪ್ಯೂಟರ್‌ಗೆ ಅವು ಬೇರೆ ಬೇರೆ ಪದ. ಯೂನಿಕೋಡ್ ಹೇಳುವುದು ಚುಕ್ಕಿಯ ರ ಬಳಸಿ ಅಂತ. ಕಚೇರಿಯಲ್ಲಿ ಎಲ್ಲರೂ ಅದನ್ನೇ ಬಳಸಿ. ‘ಆ್ಯಪ್’ ಅನ್ನುವ ಪದದ ಮೊದಲಕ್ಷರವೂ ಹಾಗೇ. ಮರಾಠಿಯ ಆ ಅಕ್ಷರಕ್ಕೆ 2008ರಲ್ಲಿ ಪ್ರತ್ಯೇಕ ಸಂಖ್ಯೆ ಬಂತು. ಅದಕ್ಕೂ ಮುಂಚೆ ಅ ಮೇಲೆ ಅರ್ಧಚಂದ್ರ ಹಾಕಿ ಬರೆಯುತ್ತಿದ್ದರು. ಈಗಲೂ ಎರಡೂ ಓಡುತ್ತಿವೆ. ಪ್ರತ್ಯೇಕ ಅಕ್ಷರವನ್ನೇ ಇಟ್ಟುಕೊಳ್ಳಿ.

ಇನ್ನು ಮಸಿ ತುಂಬಿಕೊಂಡ ಸಮಸ್ಯೆ. ನಿರ್ಣಯಸಾಗರದ ಬಿಳಿ ಜಾಗದ ಮಾತಿಗೆ ಮತ್ತೆ ಬರುತ್ತೇನೆ ಅಂದಿದ್ದೆನಲ್ಲ, ಅದು ಇಲ್ಲಿ. ಈಗ ಸಿಗುವ ಮುಕ್ತ ಫಾಂಟ್‌ಗಳಲ್ಲಿ ಬಹಳಷ್ಟನ್ನು ಪರದೆಯನ್ನೇ ಮನಸ್ಸಿನಲ್ಲಿಟ್ಟು ಬಿಡಿಸಿದ್ದಾರೆ. ಪರದೆಯ ಮೇಲೆ ಗೀಟು ಎಳೆದಷ್ಟೇ ಇರುತ್ತದೆ. ನ್ಯೂಸ್‌ಪ್ರಿಂಟ್ ಮಸಿ ಹೀರಿಕೊಂಡು ಗೀಟು ಊದಿಕೊಳ್ಳುತ್ತದೆ. ನಾಗರಿಯಲ್ಲಿ ಘ ಮತ್ತು ಧ ಅಕ್ಷರಗಳಿಗೆ ವ್ಯತ್ಯಾಸ ಎಷ್ಟು? ಘ‌ಕ್ಕೆ ತಲೆಗೆರೆ ಪೂರ್ತಿ ಇರುತ್ತದೆ. ಧ‌ಕ್ಕೆ ಎಡಗಡೆ ಸ್ವಲ್ಪ ಬಿಟ್ಟು, ಅಲ್ಲೊಂದು ಸಣ್ಣ ಸುರುಳಿ. ಆ ಬಿಟ್ಟ ಜಾಗ ಮಸಿಯಿಂದ ಮುಚ್ಚಿಕೊಂಡರೆ ‘ಧರ’ ಹೋಗಿ ‘ಘರ’ ಆಗುತ್ತದೆ. ಹಿಡಿ ಅನ್ನುವುದು ಮನೆ ಆಯಿತು! ಭ ಮತ್ತು ಮ ಕೂಡ ಹೀಗೇ. ‘ಮಹಾರಾಷ್ಟ್ರ’ ಅನ್ನುವ ಪದವನ್ನೇ ತೆಗೆದುಕೊಳ್ಳಿ. ಷ, ಟ, ರ ಮೂರೂ ಒಂದರ ಮೈಗೆ ಒಂದು ಅಂಟಿಕೊಳ್ಳುತ್ತವೆ. ಸಣ್ಣ ಅಳತೆಯಲ್ಲಿ ಅದು ಒಂದು ಕಪ್ಪು ಮುದ್ದೆ ಆಯಿತೋ ಇಲ್ಲವೋ ನೋಡಿದರೆ ಫಾಂಟ್‌ನ ಯೋಗ್ಯತೆ ಗೊತ್ತಾಗುತ್ತದೆ. ‘ಸಿದ್ಧ’, ‘ವಿಠ್ಠಲ’ ಇವನ್ನೂ ಹಾಕಿ ನೋಡಿ.

ಹಾಗಾದರೆ ಯಾವ ಫಾಂಟ್? ನನ್ನ ಅಭಿಪ್ರಾಯ ಹೇಳುತ್ತೇನೆ, ಕೊನೆಯ ತೀರ್ಮಾನ ನಿಮ್ಮ ಪ್ರೆಸ್ಸಿನದು.

ಸುದ್ದಿಯ ಮೈಗೆ ನಾನು ಮೊದಲು ಹಾಕಿ ನೋಡುವುದು ಮುಂಬೈಯ ಫಾಂಟ್ ರೂಪಿಸುವ ಸಂಸ್ಥೆ ಏಕ್ ಟೈಪ್‌ನವರ ‘ಮುಕ್ತಾ’. ಗೀಟಿನ ದಪ್ಪ ಹೆಚ್ಚುಕಡಿಮೆ ಒಂದೇ ಸಮ ಇರುವುದರಿಂದ ಕೆಟ್ಟ ಕಾಗದದ ಮೇಲೂ ತಡೆದುಕೊಳ್ಳುತ್ತದೆ. 7 ದಪ್ಪಗಳಲ್ಲಿ ಸಿಗುತ್ತದೆ. ಆದರೆ ನಿಮ್ಮ ಹಿರಿಯರಿಗೆ ಅದು ತೀರಾ ಹೊಸದು ಅನಿಸಬಹುದು. ಲೇಖನಿಯ ದಪ್ಪ-ತೆಳು ಬೇಕು ಅಂದರೆ ಗೂಗಲ್‌ನ ‘ನೋಟೋ ಸೆರಿಫ್ ದೇವನಾಗರಿ’ ಇದೆ. ಅದರಲ್ಲಿ ದಪ್ಪವನ್ನೂ ಅಗಲವನ್ನೂ ಹೊಂದಿಸಬಹುದು. ಕಿರಿದಾದ ಕಾಲಂಗೆ ಅದು ದೊಡ್ಡ ಅನುಕೂಲ. ಕಣ್ಣಿಗೆ ಎಲ್ಲಕ್ಕಿಂತ ಚೆಂದ ‘ಟೀರೋ ದೇವನಾಗರಿ ಮರಾಠಿ’. ಭಾರತದ ಪ್ರಾಚೀನ ಸಾಹಿತ್ಯದ ಮಾಲೆ ಮೂರ್ತಿ ಕ್ಲಾಸಿಕಲ್ ಲೈಬ್ರರಿಯ ಪುಸ್ತಕಗಳಿಗಾಗಿ ಹುಟ್ಟಿದ ಅಕ್ಷರ, ಆಮೇಲೆ ಮುಕ್ತವಾಯಿತು. ಹೆಸರಲ್ಲೇ ಮರಾಠಿ ಇದೆ, ಲ ಮತ್ತು ಶ ಮೊದಲಿಗೇ ಮರಾಠಿ ರೂಪದಲ್ಲಿ ಬರುತ್ತವೆ. ಕನ್ನಡದಲ್ಲೂ ಅದೇ ಮನೆತನದ ‘ಟೀರೋ ಕನ್ನಡ’ ಇದೆ. ಒಂದೇ ತೊಂದರೆ: ಅದರಲ್ಲಿ ದಪ್ಪ ಅಕ್ಷರ ಇಲ್ಲ. ತಂತ್ರಾಂಶದ ಗುಂಡಿ ಒತ್ತಿ ಸುಮ್ನೆ ದಪ್ಪ ಮಾಡಬೇಡಿ, ಒಳಗಿನ ಬಿಳಿಯೆಲ್ಲ ಹೋಗುತ್ತದೆ. ದೀಪಾವಳಿ ವಿಶೇಷಾಂಕದ ಕತೆ, ಲೇಖನಗಳಿಗೆ ಅದನ್ನು ಬಳಸಿ. ಒಳ್ಳೆಯ ಕಾಗದದ ಮೇಲೆ ಅದರ ಚೆಲುವು ನೋಡಬೇಕು.

ತಲೆಬರಹಕ್ಕೆ ಏಕ್ ಟೈಪ್‌ನವರದೇ ‘ಅನೇಕ್’ ನೋಡಿ, 2022ರಲ್ಲಿ ಬಂದದ್ದು. ಒಂದೇ ಫಾಂಟನ್ನು ಇಕ್ಕಟ್ಟಿನಿಂದ ಅಗಲದವರೆಗೆ ಎಳೆಯಬಹುದು. ‘ಅಂಕಣಕ್ಕೆ ಎರಡು ಅಕ್ಷರ ಜಾಸ್ತಿ ಆಯಿತು’ ಅಂತ ಸಂಪಾದಕರ ಜೊತೆ ಜಗಳ ಆಡುವ ಪ್ರಸಂಗ ಕಡಿಮೆಯಾಗುತ್ತದೆ. ಮಕ್ಕಳ ಪುಟಕ್ಕೆ ಗುಂಡುಗುಂಡಾದ ‘ಬಾಲೂ’ ಇದೆ. ಅದರ ಕನ್ನಡ ರೂಪಕ್ಕೆ ‘ಬಾಲೂ ತಮ್ಮ’ ಅಂತ ಹೆಸರಿಟ್ಟಿದ್ದರು, ಗುಜರಾತಿಗೆ ‘ಬಾಲೂ ಭಾಯಿ’, ಬಂಗಾಳಿಗೆ ‘ಬಾಲೂ ದಾ’. ಒಂದೇ ಮನೆಯ ಅಣ್ಣತಮ್ಮಂದಿರ ಹಾಗೆ ಲಿಪಿಗಳನ್ನು ಕೂರಿಸಿದ ಆ ಯೋಚನೆ ನನಗೆ ಬಹಳ ಇಷ್ಟ.

ಫಾಂಟ್ ಯಾವುದೇ ಇರಲಿ, ಎರಡು ಕಡೆ ಎಚ್ಚರ ಬೇಕು. ಒಂದು, ಕಾಲಂ ತುಂಬಿಸಲು ಅಕ್ಷರಗಳ ನಡುವೆ ಜಾಗ ಹಿಗ್ಗಿಸಬೇಡಿ. ಕನ್ನಡದ ತಲೆಕಟ್ಟು ಅಕ್ಷರಕ್ಕೊಂದು, ಸ್ವಲ್ಪ ಎಳೆದರೂ ನಡೆಯುತ್ತದೆ. ನಾಗರಿಯ ತಲೆಗೆರೆ ಪದದ ಉದ್ದಕ್ಕೂ ಒಂದೇ. ಎಳೆದರೆ ಅದು ಅಲ್ಲಲ್ಲಿ ತುಂಡಾಗಿ, ಹಲ್ಲು ಉದುರಿದ ಬಾಚಣಿಗೆ ಥರ ಕಾಣುತ್ತದೆ. ಜಸ್ಟಿಫಿಕೇಶನ್ ಸೆಟ್ಟಿಂಗ್‌ನಲ್ಲಿ ಅಕ್ಷರದ ಅಂತರ ಸೊನ್ನೆಗೆ ಇಡಿ, ಹಿಗ್ಗುವುದೇನಿದ್ದರೂ ಪದಗಳ ನಡುವೆ ಹಿಗ್ಗಲಿ. ಇನ್ನೊಂದು, ಪಾಯಿಂಟ್ ಅಳತೆಯನ್ನು ನಂಬಬೇಡಿ. ಹಳೇ ಫಾಂಟ್‌ನ 11 ಪಾಯಿಂಟ್, ಹೊಸ ಫಾಂಟ್‌ನ 11 ಪಾಯಿಂಟ್ ಕಣ್ಣಿಗೆ ಒಂದೇ ಅಲ್ಲ. ಹಳೆಯ ಪುಟವನ್ನು ಪಕ್ಕಕ್ಕಿಟ್ಟು ಅಕ್ಷರದ ಎತ್ತರ ಸರಿಹೋಗುವ ತನಕ ಏರಿಸಿ ಇಳಿಸಿ. ಆಮೇಲೆ ಮೇಲಿನ ಮಾತ್ರೆ, ಕೆಳಗಿನ ಉಕಾರ ಒಂದಕ್ಕೊಂದು ತಾಗದ ಹಾಗೆ ಸಾಲಿನ ಅಂತರ ಕೊಡಿ.

ಟೈಪ್ ಮಾಡುವವರ ವಿಷಯ ಮರೆಯಬೇಡಿ. 20 ವರ್ಷ ಒಂದೇ ಕೀಲಿಮಣೆಯಲ್ಲಿ ಪಳಗಿದ ಬೆರಳು ಅವರದು. ಒಮ್ಮೆಲೇ ಇನ್‌ಸ್ಕ್ರಿಪ್ಟ್ (ಭಾರತೀಯ ಲಿಪಿಗಳ ಪ್ರಮಾಣಿತ ಕೀಲಿ ವಿನ್ಯಾಸ) ಕಲಿಯಿರಿ ಅಂದರೆ ಪತ್ರಿಕೆ ನಿಂತುಹೋಗುತ್ತದೆ. ಹಳೆಯ ಟೈಪ್‌ರೈಟರ್ ವಿನ್ಯಾಸದಲ್ಲೇ ಒತ್ತಿದರೂ ಯೂನಿಕೋಡ್ ಬರುವ ತಂತ್ರಾಂಶಗಳಿವೆ. ಅವರಿಗೆ ಅದನ್ನು ಕೊಡಿ. ಹೊಸದಾಗಿ ಸೇರುವವರು ಇನ್‌ಸ್ಕ್ರಿಪ್ಟ್ ಕಲಿಯಲಿ.

ಕೊನೆಗೆ ಹಳೆಯ ಸಂಚಿಕೆಗಳು. ಹಳೇ ಫಾಂಟ್ ಫೈಲ್‌ಗಳನ್ನು ಯಾವ ಕಾರಣಕ್ಕೂ ಅಳಿಸಬೇಡಿ. ಆ ಫಾಂಟ್ ಇಲ್ಲದಿದ್ದರೆ ನಿಮ್ಮ 20 ವರ್ಷದ ಪುಟಗಳು ಬರೀ ಇಂಗ್ಲಿಷ್ ಕಸ. ಮೊದಲು ಎಲ್ಲ ಪುಟಗಳನ್ನೂ ಫಾಂಟ್ ಒಳಗಿಟ್ಟು ಪಿಡಿಎಫ್ ಮಾಡಿ, ಎರಡು ಕಡೆ ಇಡಿ. ಇದಕ್ಕೆ ಹಳೆಯ ಕಂಪ್ಯೂಟರ್ ಬೇಕಾಗುತ್ತದೆ, ಅದನ್ನು ಗುಜರಿಗೆ ಹಾಕುವ ಮುಂಚೆಯೇ ಮುಗಿಸಿ. ಆಮೇಲೆ ಬರಹವನ್ನು ಬೇರೆ ತೆಗೆದು ಪರಿವರ್ತಕದಲ್ಲಿ ಹಾಕಿ. ಅದು ಎಡವುವ ಜಾಗಗಳು ಗೊತ್ತಿರುವಂಥವೇ. ಹ್ರಸ್ವ ಇಕಾರ ಕಣ್ಣಿಗೆ ಅಕ್ಷರದ ಎಡಕ್ಕೆ ಕಾಣುವುದರಿಂದ ಹಳೇ ಪದ್ಧತಿಯಲ್ಲಿ ಅದನ್ನು ಮೊದಲು ಒತ್ತುತ್ತಿದ್ದರು. ಯೂನಿಕೋಡ್‌ನಲ್ಲಿ ಅದು ಅಕ್ಷರದ ನಂತರ ಬರಬೇಕು. ತಲೆ ಮೇಲಿನ ಕೊಂಡಿಯ ರ ಇದಕ್ಕೆ ಉಲ್ಟಾ: ಆಗ ಕೊನೆಗೆ ಒತ್ತುತ್ತಿದ್ದರು, ಈಗ ಮೊದಲು ಬರಬೇಕು. ನುಡಿಯಿಂದ ಯೂನಿಕೋಡ್‌ಗೆ ಬಂದ ಕನ್ನಡದಲ್ಲಿ ಅರ್ಕಾವೊತ್ತು ತಪ್ಪುವುದು ಇದೇ ಕಾರಣಕ್ಕೆ. ಒತ್ತಕ್ಷರ ಜಾಸ್ತಿ ಇರುವ ಪದ, ಅಂಕಿ, ರೆಪ್ಪೆಯ ರ ಮತ್ತು ಜನರ ಹೆಸರುಗಳನ್ನು ಮನುಷ್ಯರೇ ಕೂತು ನೋಡಬೇಕು. 20 ವರ್ಷದ್ದು ಒಟ್ಟಿಗೆ ಬೇಡ. ಜನ ಹುಡುಕಿಕೊಂಡು ಬರುವ ಲೇಖನ, ಊರಿನ ಚರಿತ್ರೆ, ಶ್ರದ್ಧಾಂಜಲಿ ಇವುಗಳಿಂದ ಶುರು ಮಾಡಿ.

ಇನ್ನು ಮುಂದೆಯೂ ಪಿಡಿಎಫ್ ಒಂದನ್ನೇ ನಂಬಬೇಡಿ. ಯೂನಿಕೋಡ್ ಫಾಂಟ್‌ನಲ್ಲೇ ಮಾಡಿದ ಪಿಡಿಎಫ್‌ನಿಂದ ಮರಾಠಿ ನಕಲು ಮಾಡಿದರೂ ಅಕ್ಷರಗಳು ಆಚೆ ಈಚೆ ಆಗುತ್ತವೆ. ಪ್ರತಿ ವಾರ ಬರಹವನ್ನು ಸಾದಾ ಫೈಲ್ ಆಗಿ ಬೇರೆ ಉಳಿಸಿಡಿ.

ಈ ವಾರ ಮಾಡಬಹುದಾದದ್ದು ಇಷ್ಟು: ಒಂದೇ ಸುದ್ದಿಯನ್ನು ಹಳೇ ಫಾಂಟ್, ಮುಕ್ತಾ, ನೋಟೋ ಸೆರಿಫ್ ಮೂರರಲ್ಲಿ ಅಕ್ಕಪಕ್ಕ ಕೂರಿಸಿ. ಅದರೊಳಗೆ ಲೋಕಶಾಹಿ, ಮಹಾರಾಷ್ಟ್ರ, ದರ್ಯಾ, ದರ‍್ಯಾ, ಘರ, ಧರ ಪದಗಳಿರಲಿ. ಲೇಸರ್ ಪ್ರಿಂಟರ್‌ನಲ್ಲಿ ತೆಗೆದು ತೀರ್ಮಾನಿಸಬೇಡಿ. ನಿಮ್ಮ ಪ್ರೆಸ್ಸಿನಲ್ಲೇ, ನಿಮ್ಮ ನ್ಯೂಸ್‌ಪ್ರಿಂಟ್ ಮೇಲೆಯೇ ಐವತ್ತು ಪ್ರತಿ ಹೊಡೆಸಿ. ಬೇಡ ಅಂದ ಆ ಹಿರಿಯ ಓದುಗರ ಮನೆಗೇ ಒಯ್ದು, ಸಂಜೆ ಬೆಳಕಲ್ಲಿ ಓದಿಸಿ ನೋಡಿ. ನನಗೂ ಒಂದು ಪ್ರತಿ ಕಳಿಸಿ.